ಒಗೆಯುವ ಕಲ್ಲಿನ ಮೇಲೆ ಕೆಂಚ

ನಮ್ಮ ಕಡೆ ಮನೆ ಬಿಟ್ಟು ಹೊರಡುವವರು 'ಹೋಗ್ತೀನಿ' ಅನ್ನುವುದಿಲ್ಲ, 'ಬತ್ತೀನಿ' ಅನ್ನುತ್ತಾರೆ. ಬೆಂಗಳೂರಿನ ಬಸ್ಸು ಹತ್ತುವ ಮಗನೂ ಅಷ್ಟೆ, ಆಸ್ಪತ್ರೆಗೆ ಹೊರಟ ಮುದುಕನೂ ಅಷ್ಟೆ. ಹೊಸಲು ದಾಟುವ ಮೊದಲೇ ವಾಪಸು ಬರುವ ಮಾತಾಡಿಬಿಟ್ಟರೆ ಹೋಗುವುದರ ಕಸಿವಿಸಿ ಅರ್ಧ ಕಳೆಯಿತು ಅನ್ನುವ ಲೆಕ್ಕ. ಒಂದು ಧನುರ್ಮಾಸದ ಬೆಳಗಿನ ಜಾವ ನಾನು ಆ ಮಾತನ್ನು ಕಂಡಕಂಡವರಿಗೆಲ್ಲ ಹೇಳಿ, ಕೊನೆಗೆ ಹಿತ್ತಲಲ್ಲಿ ಕಟ್ಟಿಹಾಕಿದ್ದ ನಾಯಿಗೂ 'ಬತ್ತೀವಿ ಕಣೋ ಕೆಂಚ' ಎಂದು ಹೇಳಿ ಗೇಟಿಗೆ ಬೀಗ ಹಾಕಿದೆ. ಕೆಂಚ ಬಾಲ ಆಡಿಸಿದ. ಅವನಿಗೆ ಅರ್ಥವಾಗಿದ್ದು ಬೀಗದ ಸದ್ದು ಮಾತ್ರ ಅನ್ನುವುದು ನನಗೆ ತಿಳಿಯಲು ನಾಲ್ಕು ದಿನ ಬೇಕಾಯಿತು.

ಮನೆಯಾಕೆ ಆ ವರ್ಷ ಓಂ ಶಕ್ತಿ ಮಾಲೆ ಹಾಕಿದ್ದಳು. ಡಿಸೆಂಬರು ಬಂತೆಂದರೆ ಮಂಡ್ಯ, ಮದ್ದೂರು, ಮಳವಳ್ಳಿಯ ರಸ್ತೆಗಳಲ್ಲಿ ಓಡಾಡುವುದು ಎರಡೇ ಬಣ್ಣ. ಕಪ್ಪು ಪಂಚೆ ಉಟ್ಟು ಶಬರಿಮಲೆಗೆ ಹೊರಟವರು, ಕೆಂಪು ಸೀರೆ ಉಟ್ಟು ಮೇಲ್‌ಮರುವತ್ತೂರಿಗೆ ಹೊರಟವರು. ಅವರ ನಡುವೆ ಕಬ್ಬು ಹೇರಿದ ಲಾರಿ, ಟ್ರ್ಯಾಕ್ಟರು. ಇಡೀ ವರ್ಷ ಮನೆ ಬಿಟ್ಟು ಕದಲದ ಜನ ನಾಲ್ಕಾರು ದಿನ ಊರು ಬಿಡುವುದು ಈ ಚಳಿಯಲ್ಲೇ. ನಾವೂ ಹೊರಟೆವು. ಮೂರು ರಾತ್ರಿಯ ಪ್ರವಾಸ, ಹೋಗುತ್ತಾ ಕಂಚಿ, ಬರುತ್ತಾ ತಿರುವಣ್ಣಾಮಲೆ. ನಮ್ಮ ಊರು ಮದ್ದೂರಿಗೂ ಮಳವಳ್ಳಿಗೂ ನಡುವೆ, ಕೆ.ಎಂ. ದೊಡ್ಡಿಯಿಂದ ಸ್ವಲ್ಪ ಒಳಗೆ. ಕಬ್ಬಿನ ಕಾಲ, ಲಾರಿಗಳ ಭಯ. ಬಿಟ್ಟರೆ ಬಸ್ಸಿನ ಹಿಂದೆ ಓಡಿ ಬಂದಾನು ಅಂತ ಕೆಂಚನನ್ನು ಕಟ್ಟಿಹಾಕಿದ್ದೆ. ಆ ಮಟ್ಟಿಗೆ ನನ್ನದು ಒಳ್ಳೆಯ ಉದ್ದೇಶವೇ.

ಹಸುಗಳಿಗೆ ಮಾಡಿದ್ದ ಏರ್ಪಾಡು ನೋಡಬೇಕಿತ್ತು. ಎರಡು ದಿನ ಮೊದಲೇ ಅವನ್ನು ಹಿಂದಿನ ಬೀದಿಯ ಚಿಕ್ಕಪ್ಪನ ಕೊಟ್ಟಿಗೆಗೆ ಹೊಡೆದು ಕಟ್ಟಿ ಬಂದಿದ್ದೆ. ಸೀಮೆಹಸುವಿಗೆ ಹಿಂಡಿ ಎಷ್ಟು, ಬೂಸಾ ಎಷ್ಟು, ಯಾವ ಮೊಲೆ ಮೊದಲು ಕರೆಯಬೇಕು, ಡೇರಿಗೆ ಎಷ್ಟು ಗಂಟೆಯೊಳಗೆ ಹಾಲು ಹಾಕಬೇಕು, ಡೇರಿ ಪುಸ್ತಕ ಯಾವ ಗೂಡಿನಲ್ಲಿದೆ, ಎಲ್ಲ ಹೇಳಿದ್ದೆ. ಚಿಕ್ಕಪ್ಪನಿಗೆ ಮರೆತೀತು ಅಂತ ಅವರ ಮಗನಿಗೆ ಇನ್ನೊಮ್ಮೆ ಹೇಳಿದ್ದೆ. ಗೆಜ್ಜಲಗೆರೆಯ ಮನ್‌ಮುಲ್‌ಗೆ ಹೋಗುವ ಹಾಲಿನಲ್ಲಿ ನಮ್ಮ ಮನೆಯ ಏಳೆಂಟು ಲೀಟರು ತಪ್ಪಬಾರದಲ್ಲ. ನಾಯಿಯ ವಿಷಯಕ್ಕೆ ಬಂದಾಗ ಪಕ್ಕದ ಮನೆಯ ದೊಡ್ಡವ್ವನಿಗೆ ಗೋಡೆಯಾಚೆಯಿಂದ ಹೇಳಿದ್ದು ಒಂದೇ ಮಾತು: 'ಕೆಂಚಂಗೆ ಒಂಚೂರು ಅನ್ನ ಹಾಕ್ತಾ ಇರು ದೊಡ್ಡವ್ವ.'

ಈ 'ಒಂಚೂರು', 'ಸ್ವಲ್ಪ' ಅನ್ನುವ ಪದಗಳ ಮೇಲೆ ನನಗೆ ಅಂದಿನಿಂದ ಗುಮಾನಿ. 'ಸ್ವಲ್ಪ ನೋಡ್ಕೊಳ್ಳಿ', 'ಸ್ವಲ್ಪ ಗಮನ ಇರ್ಲಿ'. ಕೇಳಲು ದಾಕ್ಷಿಣ್ಯದ ಮಾತು, ಎದುರಿನವರಿಗೆ ಹೊರೆಯಾಗದಿರಲಿ ಅನ್ನುವ ನಯ. ಒಳಗೆ ನೋಡಿದರೆ ಆ ಪದ ಕಾಯುವುದು ಹೇಳಿದವನನ್ನೇ. ಬಿಡಿಸಿ ಹೇಳಿದರೆ ಅದು ಕೆಲಸವಾಗುತ್ತದೆ, ಕೆಲಸ ಅಂದಮೇಲೆ ಋಣವಾಗುತ್ತದೆ, ಋಣ ತೀರಿಸಬೇಕಾಗುತ್ತದೆ. 'ಸ್ವಲ್ಪ' ಎಂದುಬಿಟ್ಟರೆ ಯಾವುದೂ ಇಲ್ಲ. ಹೇಳಿದ ಸಮಾಧಾನ ನಮಗೆ, ಉಳಿದದ್ದು ನಾಯಿಗೆ.

ನಾಲ್ಕನೆಯ ಬೆಳಗ್ಗೆ ಬಸ್ಸಿಳಿದು ಬರುವಾಗ ಹತ್ತು ಮಾರು ಮುಂದಿನದು ಕಾಣದಷ್ಟು ಮಂಜು. ಕಬ್ಬಿನ ಗದ್ದೆಗಳ ನಡುವಿನ ಹಾದಿಯಲ್ಲಿ ಗರಿಗಳಿಂದ ಇಬ್ಬನಿ ತೊಟ್ಟಿಕ್ಕುವ ಸದ್ದು ಕೇಳುತ್ತದೆ, ಮಳೆ ನಿಂತ ಮೇಲೆ ಕೇಳುವಂತೆ. ಗೇಟು ತೆಗೆದು ಹಿತ್ತಲಿಗೆ ಹೋದರೆ ಕಾಲು ಪಚಕ್ಕೆಂದಿತು. ಹಿಂದಿನ ದಿನ ನಾಲೆಯ ನೀರು ಬಿಟ್ಟಿದ್ದಾರೆ. ಯಾರೋ ರಾತ್ರಿ ಕಬ್ಬಿಗೆ ನೀರು ತಿರುಗಿಸಿ ಹೋಗಿ ಮಲಗಿದ್ದಾರೆ. ಬದು ಒಡೆದು ನೀರು ನಮ್ಮ ಹಿತ್ತಲಿಗೆ ನುಗ್ಗಿ ಗೇಣುದ್ದ ನಿಂತಿದೆ. ಕೆಂಚನಿಗೆ ಹಾಸಿದ್ದ ಗೋಣಿತಾಟು ನೀರೊಳಗೆ ಮುಳುಗಿ ಕೆಸರಿನ ಬಣ್ಣವಾಗಿತ್ತು. ಸರಪಳಿಗೆ ಎಟುಕುವಷ್ಟರಲ್ಲಿ ಒಣಗಿದ್ದ ಜಾಗ ಒಂದೇ, ಬಟ್ಟೆ ಒಗೆಯುವ ಕಲ್ಲು. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದು ಕಡೆಗೆ ಇಳಿಜಾರು. ಅದರ ಮೇಲೆ ನಾಲ್ಕೂ ಕಾಲನ್ನು ಒಂದೇ ಕಡೆ ಕೂಡಿಸಿಕೊಂಡು, ಮೇಕೆ ಬಂಡೆಯ ತುದಿಯಲ್ಲಿ ನಿಲ್ಲುವ ಹಾಗೆ, ಕೆಂಚ ನಿಂತಿದ್ದ. ಮಲಗಲು ಸಾಲದ ಜಾಗ. ಕೂತರೆ ಜಾರುತ್ತದೆ. ಸರಪಳಿ ಎಳೆದೂ ಎಳೆದೂ ಕತ್ತಿನ ಒಂದು ಪಕ್ಕದ ಕೂದಲು ಹೋಗಿ ಚರ್ಮ ಕೆಂಪಾಗಿತ್ತು. ಬೊಗಳಲಿಲ್ಲ. ಬಾಲವನ್ನೂ ಆಡಿಸಲಿಲ್ಲ. ಸರಪಳಿ ಬಿಚ್ಚಿದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದ, ಇಳಿಯಬಹುದು ಅನ್ನುವುದನ್ನು ನಂಬಲಾರದವನ ಹಾಗೆ.

ಸಿಟ್ಟು ಬಂದದ್ದು ದೊಡ್ಡವ್ವನ ಮೇಲೆ. ಗೋಡೆಯ ಹತ್ತಿರ ಹೋಗಿ ಕೂಗಿದೆ. ಆಕೆ ಕೈಯಲ್ಲಿದ್ದ ಪೊರಕೆ ಇಳಿಸದೆ ಹೇಳಿದಳು:

'ಏನ್ ಯೋಳ್ಬುಟ್ಟು ಓಗಿದ್ದೆ ನೀನು? ಅನ್ನ ಆಕು ಅಂದೆ. ಆಕ್ದೆ ಕಣಪ್ಪ, ಎಲ್ಡೊತ್ತೂ, ಗೋಡೆ ಮ್ಯಾಲಿಂದ. ಗೇಟ್ಗೆ ಬೀಗ ಜಡ್ದು ಬೀಗದ್ಕೈಯ ಸೊಂಟ್ಕೆ ಸಿಗಾಕಂಡ್ ಓಗಿದ್ದೆ. ರಾತ್ರೆಲ್ಲಾ ಕುಯ್ಯೋ ಅಂತಿತ್ತು. ಈ ವಯ್ಸಲ್ಲಿ ನಾನೇನ್ ಗೋಡೆ ಆರ್ಕಂಡ್ ಬರ್ಲಾ?'

ಉತ್ತರವಿರಲಿಲ್ಲ. ಹಿತ್ತಲ ಗೇಟಿನ ಕೀಲಿಯೊಂದನ್ನು ಗೊಂಚಲಿಂದ ಬಿಡಿಸಿ ಕೊಡಬಹುದಿತ್ತು. ಬೀರುವಿನಲ್ಲಿ ಒಂದಿಷ್ಟು ದುಡ್ಡಿತ್ತು. ದೊಡ್ಡವ್ವನ ಮೇಲೆ ಅಪನಂಬಿಕೆ ಅಂತ ನಾನು ಯಾವತ್ತೂ ಒಪ್ಪಿಕೊಳ್ಳುತ್ತಿರಲಿಲ್ಲ; 'ಬಸ್ಸಿಗೆ ಹೊತ್ತಾಗಿತ್ತು' ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಾಯಿಯನ್ನು ಒಪ್ಪಿಸಿದ್ದೆ, ಕೀಲಿಯನ್ನು ಒಪ್ಪಿಸಿರಲಿಲ್ಲ. ಹಾಗೆ ಒಪ್ಪಿಸುವುದನ್ನು ಒಪ್ಪಿಸುವುದು ಅನ್ನಬಹುದೇ?

ನಮ್ಮದೇನು ಹಿಮ ಬೀಳುವ ಸೀಮೆಯಲ್ಲ. ಡಿಸೆಂಬರ್, ಜನವರಿಯ ರಾತ್ರಿ 14-15 ಡಿಗ್ರಿಗೆ ಇಳಿದರೆ ಇಲ್ಲಿ ದೊಡ್ಡ ಚಳಿ. ಆರೋಗ್ಯವಾಗಿರುವ ನಾಟಿ ನಾಯಿ ಒಣ ಹುಲ್ಲಿನ ಮೇಲೆ ಸುರುಳಿ ಸುತ್ತಿ, ಮೂತಿಯನ್ನು ಬಾಲದೊಳಗೆ ಹುದುಗಿಸಿ ಈ ಚಳಿಯನ್ನು ಕಳೆದುಬಿಡುತ್ತದೆ. ಅದರ ಮೈಶಾಖ ನಮಗಿಂತ ಜಾಸ್ತಿ, 38ರಿಂದ 39 ಡಿಗ್ರಿ. ಕೊಲ್ಲುವುದು ಒದ್ದೆ ಮತ್ತು ಗಾಳಿ. ತೊಯ್ದ ತುಪ್ಪಳ ಶಾಖ ಹಿಡಿಯುವುದಿಲ್ಲ. ತೊಯ್ದ ಗೋಣಿತಾಟಂತೂ ಇದ್ದ ಶಾಖವನ್ನೂ ಹೀರುತ್ತದೆ. ಬರಿಯ ಸಿಮೆಂಟು ನೆಲವೂ ಅಂಥದ್ದೇ. ನಾಯಿಗಳಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಆಲೆಮನೆಯ ಹತ್ತಿರ ಹೋಗಿ ನೋಡಿ. ಬೆಲ್ಲದ ಕೊಪ್ಪರಿಗೆ ಇಳಿಸಿ, ಒಲೆ ಆರಿ, ಜನ ಮಲಗಿದ ಮೇಲೆ ಸುತ್ತಲ ನಾಯಿಗಳೆಲ್ಲ ಅಲ್ಲಿ ಸೇರುತ್ತವೆ. ಒಲೆಯ ಬಾಯಿಯ ಬೆಚ್ಚನೆಯ ಬೂದಿಯಲ್ಲಿ ಒಂದು, ಒಣಗಿದ ಕಬ್ಬಿನ ಸಿಪ್ಪೆಯ ರಾಶಿಯಲ್ಲಿ ನಾಲ್ಕು. ಬೆಳಗ್ಗೆ ಏಳುವಾಗ ಕರಿಯ ನಾಯಿ, ಕಂದು ನಾಯಿ ಎಲ್ಲವೂ ಬೂದಿ ಬಣ್ಣ. ಬಿಚ್ಚಿಬಿಟ್ಟಿದ್ದರೆ ಕೆಂಚನೂ ಅಲ್ಲಿಗೆ ಹೋಗಿ ಬೆಚ್ಚಗೆ ಮಲಗುತ್ತಿದ್ದ. ಯಾರ 'ಸ್ವಲ್ಪ'ವೂ ಅವನಿಗೆ ಬೇಕಿರಲಿಲ್ಲ. ಅವನ ಜಾಣತನವನ್ನು ಸರಪಳಿಗೆ ಕಟ್ಟಿ, ನನ್ನ ಜಾಣತನವನ್ನು ಬಸ್ಸಿಗೆ ಹತ್ತಿಸಿಕೊಂಡು ಹೋಗಿದ್ದೆ.

ಬೀದಿನಾಯಿಗಳ ಪಾಡಂತೂ ಬೇರೆ ಕಥೆ. ಕಾರ್ತಿಕದಲ್ಲಿ ಬೆದೆಗೆ ಬಂದವು ಎರಡು ತಿಂಗಳಿಗೆ ಮರಿ ಹಾಕಿದರೆ ಅದು ಪುಷ್ಯದ ಕೊರೆಯುವ ಚಳಿ. ನಿಂತ ಕಾರಿನ ಇಂಜಿನ್ನಿನ ಬಿಸಿಗೆ ಆ ಮರಿಗಳು ಅಡಿಗೆ ನುಸುಳುತ್ತವೆ. ಬೆಳಗ್ಗೆ ಗಾಡಿ ತೆಗೆಯುವ ಮುಂಚೆ ಬಾನೆಟ್ಟನ್ನು ಎರಡು ಸಲ ತಟ್ಟಿದರೆ ಸಾಕು. ಇರಲಿ, ನಾನು ಹೇಳಹೊರಟದ್ದು ಸಾಕಿದ ನಾಯಿಯ ಮಾತು.

ಇದೇ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರಿದೆ. ಹಳಗನ್ನಡ ಓದಿದವರಿಗೂ ಇತಿಹಾಸದ ಮೇಷ್ಟರುಗಳಿಗೂ ಆತಕೂರಿನ ಶಾಸನ ಗೊತ್ತು. ಕ್ರಿ.ಶ. 949-50ರದು. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಕಾಳಗ ನಡೆದು, ಕೃಷ್ಣನ ಪಕ್ಷದ ಗಂಗ ದೊರೆ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಆ ಕಾಳಗದಲ್ಲಿ ಬೂತುಗನ ಆಳು ಮಣಲೆರ ಮೆರೆದ. ಮೆಚ್ಚಿದೆ, ಬೇಡಿಕೋ ಅಂದ ಬೂತುಗ. ಮಣಲೆರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆತಕೂರು ಸೀಮೆಯ ಹಳ್ಳಿಗಳೂ ಅವನಿಗೆ ಸಿಕ್ಕವು, ಆದರೆ ಬಾಯಿಬಿಟ್ಟು ಕೇಳಿದ್ದು ನಾಯಿಯನ್ನು. ಮುಂದೆ ಕೆಳಲೆ ನಾಡಿನ ಬೆಳತೂರಿನ ಪಡುವಣ ದಿಣ್ಣೆಯಲ್ಲಿ ದೊಡ್ಡ ಹಂದಿಯೊಂದರ ಮೇಲೆ ಕಾಳಿಯನ್ನು ಬಿಟ್ಟಾಗ ಹಂದಿ, ನಾಯಿ ಎರಡೂ ಕಾದಾಡಿ ಒಟ್ಟಿಗೆ ಸತ್ತವು. ಚೋಳನನ್ನು ಕೊಂದ ಸಂಗತಿಯನ್ನು ಭಾರತದ ಚರಿತ್ರೆಗೆ ತಿಳಿಸಿಕೊಟ್ಟ ಕಲ್ಲುಗಳಲ್ಲಿ ಇದೂ ಒಂದು. ಆದರೆ ಕಲ್ಲಿನ ನೆತ್ತಿಯಲ್ಲಿ ಕೆತ್ತಿರುವುದು ರಾಜನನ್ನಲ್ಲ, ಹಂದಿಯ ಮೇಲೆ ಬಿದ್ದ ನಾಯಿಯನ್ನು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ನಾಯಿಯ ಶೌರ್ಯಕ್ಕೆ ಬಂದು ನಿಲ್ಲಿಸಿಬಿಡುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಶಾಸನದ ಕೊನೆಯ ಏರ್ಪಾಡು. ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನೆಡಿಸಿದರು, ಸರಿ. ಅಷ್ಟಕ್ಕೆ ಬಿಡಲಿಲ್ಲ. ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಕೊಟ್ಟರು. ಅಂದರೆ ಮಳೆ ನಂಬಿದ ಹೊಲವಲ್ಲ, ನೀರಾವರಿ ಗದ್ದೆ. ನೋಡಿಕೊಳ್ಳುವವನು ಯಾರು ಅನ್ನುವುದನ್ನೂ ಹೇಳಿದರು, ಗುಡಿಯ ಗೊರವ. ಜೊತೆಗೆ ಒಂದು ಕಟ್ಟಳೆ: ಆ ಕಲ್ಲನ್ನು ಪೂಜಿಸದೆ ಗೊರವ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ. ನಾಯಿಗೆ ಅಂಥ ಪಾಪ ಏನಿದ್ದೀತು ಅಂತ ನಗು ಬರುತ್ತದೆ. ಆದರೆ ಕಟ್ಟಳೆ ಮಾಡಿದವರ ಬುದ್ಧಿ ನೋಡಿ. ದಿನಕ್ಕೆ ಎಷ್ಟು ಹೂವು, ಎಷ್ಟು ಎಣ್ಣೆ ಅಂತ ಲೆಕ್ಕ ಬರೆಯಲಿಲ್ಲ. ಅದಕ್ಕೆ ಆದಮೇಲೆ ನಿನಗೆ ಅಂದರು, ಅಷ್ಟೆ. ಗಡಿಯಾರವಿಲ್ಲದ ಕಾಲದಲ್ಲಿ ತಪ್ಪದೆ ಬರುವ ಗಂಟೆ ಎಂದರೆ ಹಸಿವು. ಕರ್ತವ್ಯವನ್ನು ಹಸಿವಿಗೆ ಕಟ್ಟಿದರೆ ಮರೆಯಲು ಆಗುವುದಿಲ್ಲ.

ಅದು ಸತ್ತ ನಾಯಿ, ಬರಿಯ ಕಲ್ಲು. ಚಳಿಯೂ ಇಲ್ಲ, ಹಸಿವೂ ಇಲ್ಲ. ಅದಕ್ಕೆ ಗದ್ದೆ, ಆಳು, ಕಟ್ಟಳೆ. ನನ್ನ ಜೀವಂತ ನಾಯಿಗೆ 'ಒಂಚೂರು'. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ಆ ಕಲ್ಲನ್ನು ನೋಡಿದಾಗ, ಕಾಳಿಯ ಮೈ ಬಿಲ್ಲಿನಂತೆ ಬಾಗಿರುವುದನ್ನು ನೋಡುತ್ತಾ, ಒಗೆಯುವ ಕಲ್ಲಿನ ಮೇಲಿನ ನಾಲ್ಕು ಕಾಲು ನೆನಪಾಗಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. (ಕಾಳಿಯ ಕಲ್ಲೂ ಊರು ಬಿಟ್ಟು ಪರಸ್ಥಳದಲ್ಲಿದೆ. ಗೊರವನೂ ಇಲ್ಲ, ಗದ್ದೆ ಈಗ ಯಾರ ಪಹಣಿಯಲ್ಲಿದೆಯೋ.)

ಕಾನೂನೂ ಇದೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಸಾಕಿದ ಪ್ರಾಣಿಗೆ ಸಾಕಷ್ಟು ಅನ್ನ, ನೀರು, ಆಸರೆ ಕೊಡದಿರುವುದು ಅಪರಾಧ. ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದಿರುವುದೂ ಅಪರಾಧ. ಮೊದಲ ಸಲದ ದಂಡ 10 ರೂಪಾಯಿಯಿಂದ 50 ರೂಪಾಯಿ. ಐವತ್ತು ರೂಪಾಯಿಗೆ ಮದ್ದೂರಿನಲ್ಲಿ ಎರಡು ವಡೆ ತಿಂದು ಕಾಫಿ ಕುಡಿಯುವುದೂ ಈಗ ಕಷ್ಟ. ಕಾನೂನಿನ ಭಯದಿಂದ ಯಾರೂ ಕೀಲಿ ಬಿಟ್ಟು ಹೋಗುವುದಿಲ್ಲ, ಬಿಡಿ.

ನಾಯಿಯ ಮಾತೆತ್ತಿದರೆ ಯಾರಾದರೂ ಧರ್ಮರಾಯನನ್ನು ತಂದೇ ತರುತ್ತಾರೆ. ಹಿಮಾಲಯದ ಚಳಿಯಲ್ಲಿ ತಮ್ಮಂದಿರೆಲ್ಲ ಬಿದ್ದರೂ ನಾಯಿಯನ್ನು ಬಿಡಲಿಲ್ಲ, ಅದಿಲ್ಲದೆ ಸ್ವರ್ಗವೂ ಬೇಡ ಅಂದ, ದೊಡ್ಡ ಮಾತು. ಆದರೆ ನನ್ನ ಪ್ರಶ್ನೆ ಅವನಿಗೆ ಬರಲೇ ಇಲ್ಲವಲ್ಲ! ಅವನಿಗೆ ವಾಪಸು ಬರುವುದಿರಲಿಲ್ಲ, ಪಕ್ಕದ ಮನೆಯೂ ಇರಲಿಲ್ಲ. ಮಹಾಪ್ರಸ್ಥಾನಕ್ಕೆ ಹೊರಟವನಿಗೆ ನಾಯಿಯನ್ನು ಜೊತೆಗೆ ಕರೆದುಕೊಳ್ಳುವುದು ಸುಲಭ. ಮೂರು ರಾತ್ರಿಗೆ ಬಸ್ಸಿನ ಸೀಟು ಬುಕ್ ಮಾಡಿದವನ ಧರ್ಮಸಂಕಟ ಬೇರೆ. ಅವನು ನಾಯಿಯನ್ನು ಬಿಟ್ಟೇ ಹೋಗಬೇಕು. ಯಾರ ಕೈಯಲ್ಲಿ ಬಿಟ್ಟು, ಏನೇನು ಕೊಟ್ಟು ಹೋದ ಅನ್ನುವುದು ಲೆಕ್ಕ.

ಬೆಂಗಳೂರಿನಲ್ಲಿರುವ ಮಗಳು ತನ್ನ ನಾಯಿಯನ್ನು ದುಡ್ಡು ಕೊಟ್ಟು ಬೋರ್ಡಿಂಗಿಗೆ ಬಿಡುತ್ತಾಳೆ. ಅಲ್ಲಿ ರೇಬೀಸ್ ಇಂಜೆಕ್ಷನ್ ಆಗಿರುವ ಪುಸ್ತಕ ತೋರಿಸಬೇಕು, ಏನು ತಿನ್ನುತ್ತದೆ, ಯಾವುದಕ್ಕೆ ಹೆದರುತ್ತದೆ, ಎಲ್ಲ ಬರೆದುಕೊಡಬೇಕು. ಸಂಜೆಗೊಂದು ವಿಡಿಯೊ ಬರುತ್ತದೆ. ಮೊದಲು ನಕ್ಕಿದ್ದೆ. ಈಗ ಅನ್ನಿಸುತ್ತದೆ, ದುಡ್ಡಿನ ವ್ಯವಹಾರದಲ್ಲಿ ಒಂದು ಪ್ರಾಮಾಣಿಕತೆ ಇದೆ. ಬಿಡಿಸಿ ಹೇಳಲು ಅಲ್ಲಿ ಸಂಕೋಚವಿಲ್ಲ. ಹಳ್ಳಿಯಲ್ಲಿ ನಮಗೆ ಸಂಬಂಧವಿದೆ, ಹಾಗಾಗಿ ಮಾತಿಲ್ಲ.

ಕೆಂಚ ಆ ಸಲ ಬದುಕಿದ. ಹತ್ತು ದಿನ ಕೆಮ್ಮಿದ, ಪಶು ಆಸ್ಪತ್ರೆಯ ಡಾಕ್ಟರು ಇಂಜೆಕ್ಷನ್ ಹಾಕಿದರು, ಎದ್ದ. ಆದರೆ ಒಂದು ಉಳಿಯಿತು. ಅಟ್ಟದಿಂದ ಬ್ಯಾಗು ಇಳಿಸಿದ ಸದ್ದು ಕೇಳಿದರೆ ಸಾಕು, ಗೇಟಿನ ಸಂದಿಯಲ್ಲಿ ನುಸುಳಿ ಬೀದಿಯಾಚೆಯ ಹುಣಸೆಮರದಡಿ ಹೋಗಿ ಕೂತುಬಿಡುತ್ತಿದ್ದ. ಕರೆದರೆ ಬರುತ್ತಿರಲಿಲ್ಲ. ಅಂಗಡಿಗೆ ಹೋಗುವ ಕೈಚೀಲಕ್ಕೆ ಏನೂ ಇಲ್ಲ, ದೊಡ್ಡ ಬ್ಯಾಗಿಗೆ ಮಾತ್ರ. ನಾಯಿಗೆ ನಾಳೆ ಅನ್ನುವುದು ಗೊತ್ತಿಲ್ಲ ಎನ್ನುತ್ತಾರೆ. ನಿನ್ನೆ ಅನ್ನುವುದು ಚೆನ್ನಾಗಿಯೇ ಗೊತ್ತಿತ್ತು ಅವನಿಗೆ.

ಎರಡು ವರ್ಷ ನಾವು ಚಳಿಗಾಲದಲ್ಲಿ ಎಲ್ಲಿಗೂ ಹೋಗಲಿಲ್ಲ. ಮೂರನೆಯ ವರ್ಷ ಮಗಳ ಮನೆಗೆ ವಾರದ ಮಟ್ಟಿಗೆ ಹೋಗಲೇಬೇಕಾಯಿತು. ಈ ಸಲ ಗೋಡೆಯಾಚೆಯಿಂದ ಕೂಗಲಿಲ್ಲ, ದೊಡ್ಡವ್ವನ ಜಗಲಿಗೆ ಹೋಗಿ ಕೂತೆ. ಆಕೆಯ ತವರು ಕೊಕ್ಕರೆ ಬೆಳ್ಳೂರು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಚಳಿಗಾಲದಲ್ಲಿ ಬಂದು ಮನೆಮುಂದಿನ ಹುಣಸೆಮರದಲ್ಲಿ ಗೂಡು ಕಟ್ಟಿದರೆ, ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಅನ್ನುವ ಊರು ಅದು. ಗೂಡಿನಿಂದ ಬಿದ್ದ ಮರಿಗಳನ್ನು ಬೇಲಿಯೊಳಗಿಟ್ಟು, ಮೀನು ಹಾಕಿ, ಹಾರುವವರೆಗೆ ಸಾಕುತ್ತಾರೆ. 'ಊರ್ ಅಕ್ಕಿ ಮರಿನೇ ನೋಡ್ಕಂಡೋಳು ನಾನು. ನಿನ್ ನಾಯಿ ಯಾವ್ ಲೆಕ್ಕ? ನೀನ್ ಕ್ಯೋಳ್ಲಿಲ್ಲ ಅಷ್ಟೇಯ' ಅಂದಳು.

ಕೇಳಿದೆ. ಹಿತ್ತಲ ಕೀಲಿ ಕೊಟ್ಟೆ. ಆಮೇಲೆ ಯೋಚಿಸಿ ಮನೆಯ ಕೀಲಿಯನ್ನೂ ಕೊಟ್ಟೆ. ಸರಪಳಿ ತೆಗೆದು ಅಟ್ಟಕ್ಕೆ ಎಸೆದೆ. ಹೊರಡುವ ಒಂದು ವಾರ ಮೊದಲೇ ಕೆಂಚನ ರಾತ್ರಿಯ ಮಲಗುವ ಜಾಗ ದೊಡ್ಡವ್ವನ ಜಗಲಿಯಾಯಿತು: ನೆಲಕ್ಕೆ ಎರಡು ಇಟ್ಟಿಗೆಯ ಎತ್ತರದಲ್ಲಿ ಹಲಗೆ, ಮೂಡಣ ಗಾಳಿಗೆ ಅಡ್ಡವಾಗಿ ತಗಡು, ಮೇಲೆ ಮೊಣಕಾಲುದ್ದ ಹೊಸ ನೆಲ್ಲುಹುಲ್ಲು. ಹುಲ್ಲು ನೀರು ಹಿಡಿಯುವುದಿಲ್ಲ, ಗಾಳಿ ಹಿಡಿಯುತ್ತದೆ. ಬೆಚ್ಚಗಿರಲು ಬೇಕಾದ್ದು ಅದೇ. ನನ್ನ ಹಳೆಯ ಟವೆಲ್ಲೊಂದನ್ನು ಹುಲ್ಲಿನ ಮೇಲೆ ಹಾಕಿದಾಗ ದೊಡ್ಡವ್ವ ಬಾಯಿಗೆ ಸೆರಗಿಟ್ಟು ನಕ್ಕಳು. ಚಳಿ ಜಾಸ್ತಿಯಾದರೆ ಕೋಣೆಯೊಳಗೆ ಕರೆದು ಮಡಕೆಯಲ್ಲಿ ಕೆಂಡ ಇಡ್ತೀನಿ ಅಂದಳು. ಅದೊಂದು ಬೇಡವೇ ಬೇಡ ಅಂತ ಕೈ ಮುಗಿದೆ. ಬಾಗಿಲು ಮುಚ್ಚಿದ ಕೋಣೆಯ ಕೆಂಡ ನಾಯಿಯ ಜೊತೆ ಮನುಷ್ಯರನ್ನೂ ನಿದ್ದೆಯಲ್ಲೇ ಕೊಂದುಬಿಡುತ್ತದೆ. ಚಳಿಗೆ ಮುದ್ದೆ ಒಂದು ತುತ್ತು ಜಾಸ್ತಿ, ಸಾರು ಬೆಚ್ಚಗೆ, ನೀರಿನ ಬಟ್ಟಲು ಎರಡು ಹೊತ್ತು ತೊಳೆದು ತುಂಬುವುದು, ಡಾಕ್ಟರ ಫೋನ್ ನಂಬರು ಗೋಡೆಯ ಮೇಲೆ ಇದ್ದಿಲಲ್ಲಿ. ಎಲ್ಲ ಹೇಳಿದೆ. ಹೇಳುವಾಗ ನಾಚಿಕೆಯಾಯಿತು, ಆದರೂ ಹೇಳಿದೆ.

ದುಡ್ಡಿನ ಮಾತು ಬಂದಾಗ ಆಕೆ ರೇಗಿದಳು. 'ನಾಯ್ಗೆ ಅನ್ನ ಆಕಕೆ ಕೂಲಿ ಈಸ್ಕಳನಾ ನಾನು?' ಕೊನೆಗೆ ನಮ್ಮ ಗದ್ದೆಯ ಎರಡು ಹೊರೆ ಹುಲ್ಲು, ನಾಲ್ಕು ಅಚ್ಚು ಬೆಲ್ಲಕ್ಕೆ ಒಪ್ಪಿಸಿದೆ. ಎರಡು ಖಂಡುಗ ಗದ್ದೆಯ ಮುಂದೆ ಏನೂ ಅಲ್ಲ.

ಮಗಳ ಮನೆಯಲ್ಲಿ ಮೂರನೆಯ ರಾತ್ರಿ, ಊಟ ಮುಗಿಸಿ ಬಾಲ್ಕನಿಯಲ್ಲಿ ನಿಂತು ಫೋನ್ ಮಾಡಿದೆ. ಒಂಬತ್ತು ಗಂಟೆ ದಾಟಿತ್ತು. ಹಳ್ಳಿಯಲ್ಲಿ ಅದು ಒಂದು ನಿದ್ದೆ ಆಗುವ ಹೊತ್ತು.

'ಊಟ ಆಯ್ತಾ ದೊಡ್ಡವ್ವ?'

'ಎಲ್ಲಿ ಊಟ? ನಿನ್ ಮಗ ಇನ್ನೂ ಬಂದಿಲ್ಲ. ಆಲೆಮನೆ ತಾವ ಓಗಿ ಬೂದಿ ಒಳಗೆ ಬಿದ್ಕಂಡಿರ್ಬೇಕು. ಮುದ್ದೆ ಆರೋಯ್ತದೆ. ಇರು.'

ಫೋನನ್ನು ಜಗಲಿಯ ಮೇಲಿಟ್ಟಳು, ಕಟ್ ಮಾಡಲಿಲ್ಲ. ದೂರದಲ್ಲಿ ಕಬ್ಬಿನ ಟ್ರ್ಯಾಕ್ಟರು ಗೇರು ಬದಲಿಸಿದ ಸದ್ದು. ಯಾವುದೋ ಮನೆಯ ಟಿ.ವಿ. ಆಮೇಲೆ ಬೀದಿಯ ತುದಿಯಿಂದ ಆಕೆಯ ಕೂಗು, 'ಕೆಂಚಾ... ಏಯ್ ಕೆಂಚಾ, ಬಾರ್ಲಾ...' ಒಂದು ಸಲ, ಎರಡು ಸಲ. ಸ್ವಲ್ಪ ಹೊತ್ತು ಏನೂ ಇಲ್ಲ. ಮಣ್ಣಿನ ಮೇಲೆ ಓಡಿಬರುವ ಉಗುರಿನ ಸದ್ದು. ಬಟ್ಟಲು ಹಲಗೆಗೆ ತಗುಲಿ ಟಣ್ ಅಂದದ್ದು. ನೆಕ್ಕುವ ಸದ್ದು ಬಹಳ ಹೊತ್ತು ಕೇಳಿಸಿತು.

'ಬಂದ. ಮೈಯೆಲ್ಲಾ ಬೂದಿ' ಅಂದಳು ಫೋನ್ ಎತ್ತಿಕೊಂಡು. 'ಈಗ ಉಣ್ತೀನಿ. ನೀನ್ ಮಡುಗು.'